ಹಾರುವ ತಟ್ಟೆ ಕಂಡ ಹೊಲಕ್ಕೆ ಪರಂಪರೆಯ ಮಾನ್ಯತೆ ಸಿಗುತ್ತದೆಯೇ?

ಪ್ರಶ್ನೆ: ನಾನು ಮೈಸೂರಿನವಳು. ಹನ್ನೊಂದು ವರ್ಷದಿಂದ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿದ್ದೇನೆ. ನಮ್ಮ ಪಕ್ಕದ ಮನೆಯಲ್ಲಿ 81 ವರ್ಷದ ಅಜ್ಜಿ ಒಬ್ಬರಿದ್ದಾರೆ. 1966ರಲ್ಲಿ ಊರ ಹೊರಗಿನ ಹೊಲದ ಮೇಲೆ ಕೆಂಪು ದೀಪಗಳಿದ್ದ ಏನೋ ಒಂದು ಸದ್ದಿಲ್ಲದೆ ತೇಲುತ್ತಿದ್ದುದನ್ನು ಅವರೂ ಊರಿನ ಇನ್ನೂ ಕೆಲವರೂ ನೋಡಿದರಂತೆ. ಈಗ ಆ ಹೊಲ ಮಾರಾಟಕ್ಕಿದೆ. ಆ ಜಾಗಕ್ಕೆ ಪಾರಂಪರಿಕ ಮಾನ್ಯತೆ ಕೊಡಿಸಬಹುದಾ? ಕೊಟ್ಟರೆ ಅನ್ಯಗ್ರಹದವರು ಬಂದಿದ್ದರು ಅಂತ ಸರ್ಕಾರವೇ ಒಪ್ಪಿದ ಹಾಗಾಗುವುದಿಲ್ಲವಾ? ಮನೆಯಲ್ಲಿ ಎಲ್ಲರೂ ನಗುತ್ತಾರೆ.

ಉತ್ತರ: ನಗುವಂಥದ್ದು ಇದರಲ್ಲಿ ಏನೂ ಇಲ್ಲ. ನಿಮ್ಮ ರಾಜ್ಯದಲ್ಲೇ ಇಂಥ ಒಂದು ಘಟನೆಗೆ ಸರ್ಕಾರಿ ಫಲಕ ಆಗಲೇ ಇದೆ. ಲಿಂಕನ್ ಊರಿನಲ್ಲಿ, ರೂಟ್ 3 ರಸ್ತೆಯ ಪಕ್ಕ, ಹಸಿರು ಹಲಗೆ, ಬಿಳಿ ಅಕ್ಷರ. ನಂಬರ್ 224. ಒಂದು ಭಾನುವಾರ ಹೋಗಿ ನೋಡಿಬನ್ನಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಹಲಗೆಯ ಮೇಲೇ ಇದೆ.

ಅದು ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿಯ ಕಥೆ. ಬಾರ್ನಿ ಅಂಚೆ ಇಲಾಖೆಯ ನೌಕರ, ಬೆಟ್ಟಿ ಸಮಾಜಸೇವಾ ಇಲಾಖೆಯಲ್ಲಿದ್ದವರು. ಅವರು ಕಪ್ಪು, ಇವರು ಬಿಳಿ. ಆಗಿನ ಅಮೆರಿಕದಲ್ಲಿ ಅಂಥ ಮದುವೆಯೇ ಒಂದು ದೊಡ್ಡ ಮಾತು. 1961ರ ಸೆಪ್ಟೆಂಬರ್ 19ರ ರಾತ್ರಿ ಇಬ್ಬರೂ ಕೆನಡಾ ಪ್ರವಾಸ ಮುಗಿಸಿ ಕಾರಿನಲ್ಲಿ ಪೋರ್ಟ್ಸ್‌ಮತ್‌ಗೆ ವಾಪಸಾಗುತ್ತಿದ್ದರು. ಆಕಾಶದಲ್ಲಿ ಬೆಳಕೊಂದು ಹಿಂದೆಯೇ ಬಂತು ಎಂದರು. ದಾರಿಯಲ್ಲಿ ಸುಮಾರು ಎರಡು ಗಂಟೆ ಏನಾಯಿತೆಂದು ಇಬ್ಬರಿಗೂ ಲೆಕ್ಕ ಸಿಗಲಿಲ್ಲ. ಆ ಹೊತ್ತಿನಲ್ಲಿ ಅನ್ಯಗ್ರಹದವರು ತಮ್ಮನ್ನು ಅಪಹರಿಸಿದ್ದರು ಎಂಬ ಮಾತು ಆಮೇಲೆ ಬಂತು. ವಾಯುಪಡೆಗೆ ವರದಿ ಕೊಟ್ಟು ಸುಮ್ಮನಿದ್ದರು. 1965ರಲ್ಲಿ ಬಾಸ್ಟನ್‌ನ ಪತ್ರಿಕೆಯೊಂದು ವಿಷಯ ಹೊರಹಾಕಿತು. ಫಲಕ ಬಂದಿದ್ದು 2011ರಲ್ಲಿ, ಘಟನೆಗೆ 50 ವರ್ಷ ತುಂಬಿದಾಗ.

ಈಗ ಆ ಫಲಕದ ಮಾತುಗಳನ್ನು ನಿಧಾನವಾಗಿ ಓದಿ. ಮೊದಲಿಗೆ ಅವರಿಗೆ ಗುರುತು ಸಿಗದ ಹಾರುವ ವಸ್ತುವಿನ ‘ಅನುಭವ ಆಯಿತು’ ಎಂದಿದೆ. ನನ್ನ ಮಟ್ಟಿಗೆ ಅಲ್ಲಿ ಬರೆದವರ ಕೈ ಸ್ವಲ್ಪ ಜಾಸ್ತಿಯೇ ಓಡಿದೆ, ಅದು ನಡೆದದ್ದೇ ನಿಜ ಎನ್ನುವಂತಿದೆ. ಮುಂದಿನ ವಾಕ್ಯ ಗಟ್ಟಿ: ವಾಯುಪಡೆಗೆ ವರದಿ ಸಲ್ಲಿಸಿದರು. ಕೊನೆಯ ವಾಕ್ಯ ಇನ್ನೂ ಗಟ್ಟಿ. ಅಪಹರಣದ ಬಗ್ಗೆ ಅಮೆರಿಕದಲ್ಲಿ ವ್ಯಾಪಕವಾಗಿ ಸುದ್ದಿಯಾದ ಮೊದಲ ವರದಿ ಇದು ಎನ್ನುತ್ತದೆ. ಗಮನಿಸಿದಿರಾ, ‘ಮೊದಲ ಅಪಹರಣ’ ಎಂದಿಲ್ಲ, ‘ಮೊದಲ ವರದಿ’ ಎಂದಿದೆ. ವರದಿ ಕೊಟ್ಟಿದ್ದು ನಿಜ, ಸುದ್ದಿಯಾಗಿದ್ದು ನಿಜ. ಅದನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ಕಡೆಯ ವೀರಗಲ್ಲು ನೆನಪಿದೆಯಲ್ಲ? ಕೆಳಗಿನ ಸಾಲಿನಲ್ಲಿ ವೀರ ಕಾದಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಲಿಂಗದ ಪಕ್ಕ ಕೂತಿದ್ದಾನೆ. ಆ ಕಲ್ಲನ್ನು ಕಾಪಾಡುವ ಪುರಾತತ್ವ ಇಲಾಖೆಯನ್ನು ಅಪ್ಸರೆಯರು ಬಂದಿದ್ದಕ್ಕೆ ಸಾಕ್ಷಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಒಬ್ಬ ಸತ್ತ, ಊರಿನವರು ಅವನ ಬಗ್ಗೆ ಹೀಗೆ ನಂಬಿದರು, ನಂಬಿ ಕಲ್ಲು ನಿಲ್ಲಿಸಿದರು. ಅಷ್ಟು ಸಾಕು. ನಿಮ್ಮ ಹೊಲದ ವಿಷಯವೂ ಹಾಗೆಯೇ. 1966ರಲ್ಲಿ ಒಂದು ಊರಿನ ಜನ ತಲೆ ಎತ್ತಿ ಏನನ್ನೋ ಕಂಡರು, ಹೆದರಿದರು, ಅದನ್ನು ಜೀವನಪೂರ್ತಿ ನೆನಪಿಟ್ಟುಕೊಂಡರು. ಮಾನ್ಯತೆ ಕೇಳಬೇಕಾದದ್ದು ಇದಕ್ಕೆ.

ಆದರೆ ಒಂದು ಮಾತು ಈಗಲೇ ತಿಳಿದಿರಲಿ. ಫಲಕ ಬೇರೆ, ರಕ್ಷಣೆ ಬೇರೆ. ರಸ್ತೆ ಬದಿಯ ಫಲಕ ಹೊಲವನ್ನು ಉಳಿಸುವುದಿಲ್ಲ. ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 50 ವರ್ಷ ಆಗಿರಬೇಕು, ನಿಮಗೆ ಆ ತೊಂದರೆ ಇಲ್ಲ. ಆದರೆ ಖಾಸಗಿ ಜಮೀನಿನ ಮಾಲೀಕರು ಬೇಡ ಎಂದರೆ ಪಟ್ಟಿಗೆ ಸೇರಿಸುವುದಿಲ್ಲ. ಸೇರಿದ ಮೇಲೂ ಅವರು ಸ್ವಂತ ದುಡ್ಡಿನಲ್ಲಿ ಮನೆ ಕಟ್ಟಿದರೆ ಆ ಪಟ್ಟಿ ತಡೆಯುವುದಿಲ್ಲ. ಹೊಲ ಬಯಲಾಗಿಯೇ ಉಳಿಯಬೇಕಾದರೆ ಅದನ್ನು ಕೊಳ್ಳುವ, ಇಲ್ಲವೇ ಕಟ್ಟಡ ಕಟ್ಟದಂತೆ ಮಾಲೀಕರಿಂದ ಕಾಯಂ ಕರಾರು ಬರೆಸಿಕೊಳ್ಳುವ ಭೂ ಟ್ರಸ್ಟ್ ಬೇಕು. ಅದು ಬೇರೆಯೇ ಹೋರಾಟ, ದುಡ್ಡಿನ ಹೋರಾಟ.

ಜಾಗ ಯಾರದ್ದು ಅನ್ನುವುದನ್ನು ಲಘುವಾಗಿ ತಗೊಂಡರೆ ಏನಾಗುತ್ತದೆ ಅಂತ ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ನೋಡಿ. ಶೆಫೀಲ್ಡ್‌ನಲ್ಲಿ 1969ರ ಸೆಪ್ಟೆಂಬರ್ 1ರಂದು ಹಾರುವ ತಟ್ಟೆ ಕಂಡೆವು ಎಂದು ಹಲವರು ಹೇಳಿದ್ದಕ್ಕೆ ಪಕ್ಕದ ಊರಾದ ಗ್ರೇಟ್ ಬ್ಯಾರಿಂಗ್ಟನ್‌ನ ಇತಿಹಾಸ ಸಂಘ 2015ರಲ್ಲಿ ಮನ್ನಣೆ ಕೊಟ್ಟಿತು. ಅದೇ ವರ್ಷ ಹಳೆಯ ಸೇತುವೆಯ ಹತ್ತಿರ ಭಾರೀ ಕಲ್ಲಿನ ಸ್ಮಾರಕವೂ ಎದ್ದಿತು. 2019ರಲ್ಲಿ ಶೆಫೀಲ್ಡ್ ಊರಿನ ಆಡಳಿತ ಅದನ್ನು ಎತ್ತಿಸಿಬಿಟ್ಟಿತು. ಜಗಳ ನಡೆದಿದ್ದು ಹಾರುವ ತಟ್ಟೆಯ ಬಗ್ಗೆ ಅಲ್ಲ, ಕಲ್ಲು ನಿಂತ ಜಾಗದ ಬಗ್ಗೆ. ಇದನ್ನು ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. ಸರ್ವೆ ನಕ್ಷೆ ಮೊದಲೇ ಬಿಡಿಸಿ ನೋಡಿದ್ದರೆ ಸಾಕಿತ್ತು.

ಹಾಗಾಗಿ ಫಲಕದಿಂದ ಶುರುಮಾಡಿ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಇದಕ್ಕೆ ದಾರಿ ಸುಲಭ. ರಾಜ್ಯದ ಕನಿಷ್ಠ 20 ನಿವಾಸಿಗಳ ಸಹಿ ಇರುವ ಮನವಿ ಬೇಕು. ಫಲಕದ ಬರಹದ ಕರಡನ್ನು ನೀವೇ ಬರೆದುಕೊಡಬೇಕು, ಹೇಳಿದ ಮಾತುಗಳಿಗೆ ಆಧಾರವನ್ನೂ ದಾಖಲೆಗಳ ಪ್ರತಿಯನ್ನೂ ಲಗತ್ತಿಸಬೇಕು. 20 ಸಹಿ ಒಂದೇ ಸಂಜೆಯಲ್ಲಿ ಸಿಗುತ್ತದೆ. ಕಷ್ಟ ಇರುವುದು ಆಧಾರ ಹುಡುಕುವುದರಲ್ಲಿ.

ನಿಮ್ಮ ಘಟನೆ 1966ರದ್ದು ಎನ್ನುವುದು ಅದೃಷ್ಟ. ಹಾರುವ ತಟ್ಟೆಗಳ ವರದಿಗಳನ್ನು ತನಿಖೆ ಮಾಡುವ ವಾಯುಪಡೆಯ ‘ಪ್ರಾಜೆಕ್ಟ್ ಬ್ಲೂ ಬುಕ್’ ಆಗ ನಡೆಯುತ್ತಿತ್ತು, ನಿಂತಿದ್ದು 1969ರಲ್ಲಿ. ಅದಕ್ಕೆ ಬಂದ 12,618 ವರದಿಗಳಲ್ಲಿ 701ಕ್ಕೆ ಕೊನೆಗೂ ಗುರುತು ಸಿಗಲಿಲ್ಲ. ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಯಾರು ಬೇಕಾದರೂ ನೋಡಬಹುದು. ಊರಿನ ಹೆಸರು, ತಿಂಗಳು ಹಿಡಿದು ಹುಡುಕಿ. ಆಮೇಲೆ ಲೈಬ್ರರಿಯಲ್ಲಿ ಹಳೆಯ ಸ್ಥಳೀಯ ಪತ್ರಿಕೆ, ಪೊಲೀಸ್ ಠಾಣೆಯ ದಿನಚರಿ. ನಿಮ್ಮ ರಾಜ್ಯದ್ದೇ ಎಕ್ಸಿಟರ್ ಊರಿನಲ್ಲಿ 1965ರ ಸೆಪ್ಟೆಂಬರ್ 3ರಂದು ಹಾರುವ ವಸ್ತು ಕಂಡ ಪ್ರಕರಣ ಇಷ್ಟು ಗಟ್ಟಿಯಾಗಿ ಉಳಿದಿದ್ದೇ ಇಬ್ಬರು ಪೊಲೀಸರು ತಾವೂ ಕಂಡೆವು ಎಂದು ವರದಿ ಬರೆದದ್ದರಿಂದ. ವಾಯುಪಡೆ ಮೊದಲು ಅದು ವಿಮಾನ ಎಂದಿತು. ಅವರು ಬಿಡದೆ ಪತ್ರ ಬರೆದರು. ಗುರುತಿಸಲು ಆಗಲಿಲ್ಲ ಎಂಬ ಉತ್ತರ ಕೊನೆಗೆ ಬಂತು.

ವಿರುದ್ಧ ಇರುವ ದಾಖಲೆಯನ್ನೂ ಕಡತದಲ್ಲಿ ಇಡಿ. ಹಿಲ್ ದಂಪತಿಯನ್ನು ಪರೀಕ್ಷಿಸಿದ ಮನೋವೈದ್ಯ ಬೆಂಜಮಿನ್ ಸೈಮನ್, ಅಪಹರಣದ ಕಥೆ ಬೆಟ್ಟಿಯ ಕನಸುಗಳಿಂದ ಹುಟ್ಟಿದ್ದು ಎಂದೇ ಅಭಿಪ್ರಾಯಪಟ್ಟಿದ್ದರು. ಆ ಅಭಿಪ್ರಾಯ ಎಲ್ಲರಿಗೂ ಗೊತ್ತಿದ್ದರೂ ಫಲಕ ಬಂತು. ಮುಚ್ಚಿಟ್ಟಿದ್ದು ಆಮೇಲೆ ಹೊರಬಂದರೆ ಮಾತ್ರ ನಂಬಿಕೆ ಹೋಗುತ್ತದೆ. ಬೆಟ್ಟಿ ಆ ರಾತ್ರಿ ಉಟ್ಟಿದ್ದ, ಹರಿದ ಉಡುಪು ಮತ್ತು ಅವರ ಕಾಗದಪತ್ರಗಳು ಡರಂ ಊರಿನಲ್ಲಿ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಒಂದು ಕುಟುಂಬದ ಬೀರುವಿನಲ್ಲಿ ಇದ್ದ ಬಟ್ಟೆ ಈಗ ದಾಖಲೆ. ನಿಮ್ಮ ಅಜ್ಜಿಯ ಮನೆಯಲ್ಲೂ ಆ ಕಾಲದ ಡೈರಿಯೋ, ಯಾರಿಗೋ ಬರೆದ ಪತ್ರವೋ ಇರಬಹುದು. ಕೇಳಿ ನೋಡಿ.

ಹೊಲ ಇಂದಲ್ಲ ನಾಳೆ ಮಾರಾಟ ಆಗಬಹುದು, ಫಲಕ ಮುಂದಿನ ವರ್ಷವೂ ಬರಬಹುದು. ಅಜ್ಜಿಗೆ 81. ಈ ಶನಿವಾರವೇ ಫೋನಿನಲ್ಲಿ ರೆಕಾರ್ಡರ್ ಹಾಕಿಕೊಂಡು ಅವರ ಜೊತೆ ಕೂತುಕೊಳ್ಳಿ. ‘ಅದು ಹಾರುವ ತಟ್ಟೆನಾ’ ಅಂತ ಕೇಳಬೇಡಿ, ಉತ್ತರವನ್ನು ನೀವೇ ಬಾಯಿಗೆ ಹಾಕಿದ ಹಾಗಾಗುತ್ತದೆ. ಒಂದು ಬಿಳಿ ಹಾಳೆ, ಪೆನ್ಸಿಲ್ ಕೊಡಿ. ಆ ದಿನ ನೀವು ಎಲ್ಲಿ ನಿಂತಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಬಿಡಿಸಿ ತೋರಿಸಿ ಅನ್ನಿ.