ಓದುಗರ ಪ್ರಶ್ನೆ: ನಾರಾದ ಸುಝಾಕು ಗೇಟ್

ಪ್ರಶ್ನೆ: ಜಪಾನ್ ಟ್ರಿಪ್‌ನಲ್ಲಿ ನಾರಾಗೆ ಒಂದು ದಿನ ಇಟ್ಕೊಂಡಿದೀವಿ. ಹೇಜೋ ಅರಮನೆ ಜಾಗದಲ್ಲಿರೋ ಸುಝಾಕು ಗೇಟ್ ಹೊಸದಾಗಿ ಕಟ್ಟಿದ್ದಂತೆ, ಹಾಗಿದ್ರೆ ನೋಡೋಕೆ ಹೋಗೋದು ವೇಸ್ಟಾ?

ಉತ್ತರ: ಹೊಸದು ಅನ್ನೋದು ನಿಜ, 1998ರಲ್ಲಿ ಮುಗಿಸಿದ್ದು. ಆದ್ರೆ ವೇಸ್ಟ್ ಅಂತ ಮಾತ್ರ ಅನ್ಬೇಡಿ. 710ರಿಂದ 784ರವರೆಗೆ, ನಡುವೆ ಕೆಲವು ವರ್ಷ ಬಿಟ್ರೆ, ನಾರಾನೇ ರಾಜಧಾನಿ, ಆ ಅರಮನೆಯ ದಕ್ಷಿಣದ ಮುಖ್ಯ ಬಾಗಿಲು ಇದು. ಮೂಲ ಗೇಟಿನ ನಕ್ಷೆ ಯಾವ್ದೂ ಉಳಿದಿಲ್ಲ, ಅಗೆದಾಗ ಸಿಕ್ಕ ತಳಪಾಯದ ಅಳತೆ ಹಿಡ್ಕೊಂಡು, ಆ ಕಾಲದ ಹಳೇ ದೇವಸ್ಥಾನಗಳನ್ನ ನೋಡಿ ಮೇಲಿನ ಭಾಗ ಹೀಗಿದ್ದಿರ್ಬೋದು ಅಂತ ಕಟ್ಟಿದಾರೆ, ಅಂದ್ರೆ ಅರ್ಧ ಸಾಕ್ಷಿ ಅರ್ಧ ಲೆಕ್ಕಾಚಾರ, ನನಗೆ ಅದೇ ಇಷ್ಟ ಆಗಿದ್ದು.

ಹತ್ರ ನಿಂತಾಗ ಕುಂಕುಮದ ಬಣ್ಣದ ದಪ್ಪ ಕಂಬಗಳು, ಬಿಳಿ ಗೋಡೆ, ಮೇಲೆ ಬೂದು ಹೆಂಚಿನ ಎರಡು ಮಾಡು, ಎತ್ತರ ಸುಮಾರು 22 ಮೀಟರ್, ಕತ್ತೆತ್ತಿ ನೋಡ್ಬೇಕು. ಬಾಗಿಲಿಂದ ಉತ್ತರಕ್ಕೆ ನೋಡಿದ್ರೆ ದೂರದಲ್ಲಿ 2010ರಲ್ಲಿ ಮರುಕಟ್ಟಿದ ದೈಗೋಕುದೆನ್ ಸಭಾಂಗಣ, ಅದರ ಮುಂದೆ 2022ರಲ್ಲಿ ಮರುಕಟ್ಟಿದ ಅದರ ದಕ್ಷಿಣದ ಬಾಗಿಲು, ಅಲ್ಲೀವರೆಗೆ ಹುಲ್ಲಿನ ಬಯಲು. ಅಷ್ಟರಲ್ಲಿ ಕಿಂಟೆತ್ಸು ರೈಲು ಅಡ್ಡ ಹೋಗುತ್ತೆ! ಹೌದು, ಅರಮನೆ ಜಾಗದ ಮಧ್ಯದಲ್ಲೇ ಹಳಿ ಇದೆ, ಫೋಟೋ ಹಾಳಾಯ್ತು ಅಂತ ಬೈಕೋಬೇಡಿ, ರೈಲು ಸೇರ್ಸಿ ತೆಗೀರಿ.

ಯಮಾತೊ-ಸೈದೈಜಿ ಸ್ಟೇಷನ್‌ನಲ್ಲಿ ಇಳ್ದು ನಡೀಬೋದು, ಟಿಕೆಟ್ ಇಲ್ಲ. ಸೋಮವಾರ ಮಾತ್ರ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಬೇಸಿಗೆಲಿ ಹೋದ್ರೆ ಟೋಪಿ ಮರೀಬೇಡಿ, ಅಷ್ಟು ದೊಡ್ಡ ಬಯಲಲ್ಲಿ ನೆರಳು ಕಮ್ಮಿ.