ಉಪ್ಪಿನಕಾಯಿಗೂ ಗಡಿ ಉಂಟು

"ಸಣ್ಣ ಉಪ್ಪಿನಕಾಯಿ ವ್ಯಾಪಾರಕ್ಕೆ ಏನಿದು ಇಷ್ಟೊಂದು ಗೋಳಾಟ? ಈಗ ಎಲ್ಲ ಆನ್‌ಲೈನ್ ಅಲ್ವಾ? ಕೇರಳದಲ್ಲಿ ಇನ್ನೂ ಬಂದಿಲ್ವಾ?" ಅಂತ ಬೆಂಗಳೂರಿನಿಂದ ಕೇಳಿದ್ದೀಯ.

ಬಂದಿದೆ ಮಾರಾಯ. ಪಂಚಾಯತಿನ ಲೈಸೆನ್ಸು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಬ್ಯಾಂಕಿನಲ್ಲಿ ಕರೆಂಟ್ ಅಕೌಂಟು, ಎಲ್ಲ ನಿಮ್ಮಲ್ಲಿ ಹೇಗೋ ಇಲ್ಲೂ ಹಾಗೆಯೇ. ಫಾರಮ್ಮು ಮಲಯಾಳದಲ್ಲಿ ಕೊಟ್ಟರೆ ಕನ್ನಡದ್ದು ಕೇಳ್ತೇನೆ. ಇಲ್ಲಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು ಅಂತ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಹೇಳ್ತದೆ. "ಕನ್ನಡದ್ದು ಮುಗಿದಿದೆ, ನಾಳೆ ಬನ್ನಿ" ಅಂತಾರೆ. ನಾಳೆಯೂ ಹೋಗ್ತೇನೆ. ಅದೆಲ್ಲ ರೂಢಿಯಾಗಿದೆ.

ತಲೆ ತಿನ್ನುವುದು ಬಿಲ್ಲುಬುಕ್ಕು.

ನಾನಿರುವುದು ಕೇರಳದ ಗಡಿಯ ಮಂಜೇಶ್ವರದಲ್ಲಿ, ಗಿರಾಕಿಗಳು ಹೆಚ್ಚಿನವರು ಮಂಗಳೂರಿನ ಕಡೆಯವರು. ಮಧ್ಯೆ ತಲಪಾಡಿ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಅತ್ತ ಓಡುವ ನಮಗೆ ಅದೊಂದು ಬಸ್‌ಸ್ಟಾಪು. ಜಿಎಸ್‌ಟಿಯವರಿಗೆ ಅಲ್ಲಿ ರಾಜ್ಯ ಮುಗೀತು. ನನ್ನ ಜಿಎಸ್‌ಟಿ ನಂಬರು ಕೇರಳದ 32ರಿಂದ ಶುರು, ಆಚೆಯವರದ್ದು ಕರ್ನಾಟಕದ 29ರಿಂದ.

ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಅಂತ ನೀನು ಓದಿರ್ತೀಯ. ಅದು ರಾಜ್ಯದೊಳಗೇ ಮಾರುವವನ ಭಾಗ್ಯ. ತೆರಿಗೆ ಇರುವ ಸರಕು ಗಡಿ ದಾಟಿದರೆ ಮೊದಲ ಡಬ್ಬಿಯಿಂದಲೇ ನೋಂದಣಿ ಕಡ್ಡಾಯ. ಹಪ್ಪಳಕ್ಕೆ ತೆರಿಗೆ ಇಲ್ಲ, ಅದು ಆರಾಮಾಗಿ ದಾಟ್ತದೆ. ಅದೇ ಚೀಲದಲ್ಲಿ ಶೇ. 5ರ ಉಪ್ಪಿನಕಾಯಿ ಇಟ್ಟೆನೋ, ನಾನು ಅಂತಾರಾಜ್ಯ ವ್ಯಾಪಾರಿ! ಶೇ. 1 ಕಟ್ಟಿ ಹಾಯಾಗಿರುವ ಕಾಂಪೊಸಿಷನ್ ಸ್ಕೀಮು ಉಂಟಲ್ಲ ಅಂದರೆ, ಅದಕ್ಕೆ ಸೇರಿದವ ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ. ನಮಗೆ ಪೇಟೆ ಅಂದರೇ ಹೊರರಾಜ್ಯ.

ಅಂಗಡಿಗೇ ಬಂದು ಕೊಂಡರೂ ಬಿಡುಗಡೆ ಇಲ್ಲ. 2023ರ ಅಕ್ಟೋಬರ್‌ನಿಂದ, ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಬರೆದರೆ ಆ ವಿಳಾಸದ ರಾಜ್ಯಕ್ಕೆ ಮಾರಿದ ಲೆಕ್ಕ, ಬರೆಯದಿದ್ದರೆ ಇಲ್ಲೇ ಮಾರಿದ ಲೆಕ್ಕ. ಗಡಿಯಾಚೆ ತೊಕ್ಕೊಟ್ಟಿನ ಅಕ್ಕ ದುಡ್ಡು ಕೊಟ್ಟು ಸುಮ್ಮನೆ ಹೋದರೆ ಕೇಂದ್ರಕ್ಕರ್ಧ, ಕೇರಳಕ್ಕರ್ಧ. "ಹೆಸರು, ಊರು ಹಾಕಿ ಕೊಡಿ" ಅಂದರೆ ಐಜಿಎಸ್‌ಟಿ, ಅಂದರೆ ಅಂತಾರಾಜ್ಯ ಮಾರಾಟದ ಜಿಎಸ್‌ಟಿ. ಡಬ್ಬಿ ಅದೇ, ಮೊತ್ತ ಅದೇ, ಕಾಲಮ್ಮು ಬೇರೆ. ಕಾಲಮ್ಮು ತಪ್ಪಿದರೆ ರಿಟರ್ನು ತಪ್ಪು.

ಕೊಳ್ಳಲು ಹೋದಾಗ ಇನ್ನೂ ಚಂದ. ಮಂಗಳೂರಿನ ಬಂದರು ಪೇಟೆಯಲ್ಲಿ ಮೆಣಸು, ಎಣ್ಣೆ ತೂಗಿಸಿದರೆ "ನೀವು ನಮ್ಮವರೇ ಅಲ್ವಾ" ಅಂತ ಪ್ರೀತಿಯಿಂದ ಕರ್ನಾಟಕದ ತೆರಿಗೆ ಹಾಕಿಬಿಡ್ತಾರೆ. ಆ ತೆರಿಗೆಯನ್ನು ನಾನಿಲ್ಲಿ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಲಿಕ್ಕೆ ಆಗುವುದಿಲ್ಲ, ಕೈಯಿಂದಲೇ ಹೋಗ್ತದೆ. ಹಾಗಾಗಿ "ಅಣ್ಣ, ನಾನು ಕೇರಳದವ, ಐಜಿಎಸ್‌ಟಿ ಹಾಕಿ" ಅಂತ ಅಚ್ಚ ಕನ್ನಡದಲ್ಲಿ ಗೋಗರೆಯಬೇಕು. ಇಲ್ಲಿ ಕನ್ನಡದ ಫಾರಮ್ಮಿಗೆ ಜಗಳ ಆಡುವವನೂ ನಾನೇ.

ತಲಪಾಡಿಯಾಚೆ ಒಂದು ಗೋಡೌನು ಮಾಡು ಅಂತೀಯ. ಅದಕ್ಕೆ ಬೇರೆಯೇ ಜಿಎಸ್‌ಟಿ ನಂಬರು ಬೇಕು. ಪ್ಯಾನ್ ಒಂದೇ ಆದರೂ ಆಚೆಯ ನಾನು ಬೇರೆ, ಈಚೆಯ ನಾನು ಬೇರೆ. ನನ್ನ ಡಬ್ಬಿಯನ್ನು ನನಗೇ ಕಳಿಸಲಿಕ್ಕೆ ತೆರಿಗೆ ಸಹಿತ ಬಿಲ್ಲು, ಮಾಲು 50,000 ರೂ. ದಾಟಿದರೆ ಸಾಗಾಟಕ್ಕೆ ಇ-ವೇ ಬಿಲ್ಲು. ಎರಡು ರಿಟರ್ನು, ಎರಡು ಲೆಕ್ಕದ ಪುಸ್ತಕ. ಅವನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಜೋಪಾನ ಮಾಡಬೇಕು. ಈಗಿರುವ ಒಂದಕ್ಕೇ ಅಟ್ಟದಲ್ಲಿ ಜಾಗ ಇಲ್ಲ, ಗೆದ್ದಲು ಬೇರೆ.

ಇನ್ನು "ಅಷ್ಟು ಕಷ್ಟ ಇದ್ದರೆ ಕರ್ನಾಟಕಕ್ಕೇ ಬಂದುಬಿಡಿ" ಅನ್ನುವ ನಿನ್ನ ಮಾತು. 1956ರ ನವೆಂಬರ್ 1ರವರೆಗೆ ಮಂಜೇಶ್ವರ, ಮಂಗಳೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಿಮಗೇ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಬರೆದುಕೊಟ್ಟದ್ದೂ ಉಂಟು. ಸೇರಿಸಿಕೊಳ್ಳಲಾಗದವರು ಈಗ ಕರೆದರೆ ಅಜ್ಜ ನೆಟ್ಟ ಕಾಟುಮಾವಿನ ಮರ ಹೊತ್ತುಕೊಂಡು ಬರಲಾ? ಮಿಡಿ ಇಲ್ಲಿ, ಭರಣಿ ಇಲ್ಲಿ, ನಾನೂ ಇಲ್ಲೇ. ನಿನಗೆ ಎರಡು ಡಬ್ಬಿ ಬೇಕಿದ್ದರೆ ಪೂರ್ತಿ ವಿಳಾಸ ಕಳಿಸು, ಐಜಿಎಸ್‌ಟಿ ಹಾಕ್ತೇನೆ. ದೋಸ್ತಿ ಅಂತ ಬಿಲ್ಲು ಬಿಡುವುದಿಲ್ಲ.