ಕಾಡು ಬಿಡಿ, ಬೀಸುವ ಕಲ್ಲು ಹಿಡಿಯಿರಿ

ಓದುಗರ ಪತ್ರ: ನಾನು ಧಾರವಾಡದಲ್ಲಿ ಬಿ.ವಿ.ಎ. (ದೃಶ್ಯಕಲಾ ಪದವಿ) ಕೊನೇ ವರ್ಷ ಓದುತ್ತಿದ್ದೇನೆ. ವಾರ್ಷಿಕ ಪ್ರದರ್ಶನಕ್ಕೆ ಡಿಜಿಟಲ್ ಇನ್‌ಸ್ಟಲೇಷನ್ ಮಾಡುವ ಆಸೆ. ಗೋಡೆ ಮೇಲೆ ಪ್ರೊಜೆಕ್ಟರಿನಿಂದ ಒಂದು ಕಾಡು. ಜನ ಹತ್ತಿರ ಬಂದರೆ ಹಕ್ಕಿ ಹಾರಬೇಕು, ಕೈ ಎತ್ತಿದರೆ ಎಲೆ ಉದುರಬೇಕು, ಚಪ್ಪಾಳೆ ತಟ್ಟಿದರೆ ಮಳೆ ಬರಬೇಕು. ಕೋಡಿಂಗ್ ಬರಲ್ಲ. ಕೈಯಲ್ಲಿರುವುದು 15 ಸಾವಿರ ರೂಪಾಯಿ. ನಮ್ಮ ಸರ್ ‘ಇದು ಮಾಲ್‌ನಲ್ಲಿರೋ ಆಟ, ಕಲೆ ಎಲ್ಲಿದೆ?’ ಅಂತಾರೆ. ಅಂದ ಹಾಗೆ, ನಮ್ಮಜ್ಜಿ ಹಾಡಿದ ಬೀಸುವ ಪದಗಳು ಫೋನಿನಲ್ಲಿವೆ. ಹಿನ್ನೆಲೆಗೆ ಹಾಕಬಹುದೇ? ಬೀಸುವ ಕಲ್ಲು ಈಗಲೂ ಹಿತ್ತಿಲಲ್ಲಿ ಬಿದ್ದಿದೆ. (ಹೆಸರು ಬೇಡ ಎಂದ ವಿದ್ಯಾರ್ಥಿನಿ)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಕಾಡಿಗೆ ಎರಡು ಪುಟ, ಅಜ್ಜಿಗೆ ಎರಡು ಸಾಲು. ಇಲ್ಲಿ ಜಾಗ ಸಾಲದೆ ಕಾಡನ್ನು ತುಂಬಾ ಕತ್ತರಿಸಿದ್ದೇನೆ. ನಿಮಗೂ ಅದನ್ನೇ ಹೇಳುವವನಿದ್ದೇನೆ. ಕಾಡು ಬಿಟ್ಟುಬಿಡಿ. ಆ ಬೀಸುವ ಕಲ್ಲೇ ನಿಮ್ಮ ಇನ್‌ಸ್ಟಲೇಷನ್.

ನಿಮ್ಮ ಸರ್ ಖಾರವಾಗಿ ಕೇಳಿದ್ದಾರೆ ನಿಜ, ಆದರೆ ಸುಮ್ನೆ ಕೇಳಿಲ್ಲ. ಕೈ ಎತ್ತಿದರೆ ಎಲೆ ಯಾಕೆ ಉದುರಬೇಕು? ಒಂದು ಗುಂಡಿ ಒತ್ತಿದರೂ ಅದೇ ಎಲೆ ಉದುರುತ್ತಿತ್ತು, ಅಲ್ವಾ? ನೋಡುಗರ ಮೈ ಮಾಡುವ ಕೆಲಸಕ್ಕೂ ಅವರಿಗೆ ಸಿಗುವುದಕ್ಕೂ ಒಂದು ಸಂಬಂಧ ಇರಬೇಕು. ಅದಿಲ್ಲದಿದ್ದರೆ ಜನ ಎರಡು ಸಲ ಕೈ ಬೀಸಿ, ಒಂದು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ.

1999ರಲ್ಲಿ ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿಟುವ್ ‘ಟೆಕ್ಸ್ಟ್ ರೇನ್’ ಅನ್ನುವ ಕೃತಿ ಮಾಡಿದರು. ಅಟರ್‌ಬ್ಯಾಕ್ ಆಗ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಓದುತ್ತಿದ್ದರು. ಪರದೆ ಮೇಲೆ ನಿಮ್ಮದೇ ಬಿಂಬ ಕಾಣುತ್ತದೆ, ಮೇಲಿನಿಂದ ಅಕ್ಷರಗಳು ಮಳೆಯಂತೆ ಬೀಳುತ್ತವೆ. ಕೈ ಚಾಚಿದರೆ ಕೈ ಮೇಲೆ ನಿಲ್ಲುತ್ತವೆ. ಸಾಕಷ್ಟು ಅಕ್ಷರ ಹಿಡಿದರೆ ಒಂದು ಕವಿತೆಯ ಸಾಲು ಓದಬಹುದು. ಒಳಗಿನ ಲೆಕ್ಕ ತೀರಾ ಸರಳ: ತಿಳಿ ಬಣ್ಣದ ಹಿನ್ನೆಲೆಯಲ್ಲಿ ಯಾವುದು ಕಪ್ಪಗೆ ಕಾಣುತ್ತದೋ ಅದರ ಮೇಲೆ ಅಕ್ಷರ ನಿಲ್ಲಬೇಕು, ಅಷ್ಟೇ. ಯಾರಿಗೂ ಏನೂ ಹೇಳಿಕೊಡಬೇಕಾಗಿಲ್ಲ. ಮೇಲಿನಿಂದ ಏನಾದರೂ ಬಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ನಿಮ್ಮ ಕಾಡಿಗೆ ಇನ್ನೊಂದು ತೊಂದರೆಯೂ ಇದೆ. ಜನರನ್ನು ನೋಡಲು ಕ್ಯಾಮೆರಾ ಇಟ್ಟರೆ ಅದು ಗೋಡೆ ಮೇಲಿನ ಕಾಡನ್ನೂ ನೋಡುತ್ತದೆ. ಹಕ್ಕಿ ಹಾರಿದ್ದನ್ನು ಕಂಡು ಯಾರೋ ಬಂದರು ಅಂದುಕೊಂಡು ಮತ್ತೊಂದು ಹಕ್ಕಿ ಹಾರಿಸುತ್ತದೆ. ಇದನ್ನು ತಪ್ಪಿಸಲು ಇನ್‌ಫ್ರಾರೆಡ್ ಬೆಳಕು, ಅದಕ್ಕೆ ಬೇರೆ ಕ್ಯಾಮೆರಾ, ಕತ್ತಲ ಕೋಣೆ ಎಲ್ಲ ಬೇಕಾಗುತ್ತದೆ. ಅಲ್ಲಿಗೆ ನಿಮ್ಮ 15 ಸಾವಿರದ ಕಥೆ ಮುಗಿಯಿತು.

ಈಗ ಕಲ್ಲಿಗೆ ಬರೋಣ. ಗೂಟ ಕಂಡರೆ ತಿರುಗಿಸಬೇಕು ಅನ್ನಿಸುತ್ತದೆ. ಬೀಸುವ ಪದ ಹುಟ್ಟಿದ್ದೇ ಆ ತಿರುಗಿಸುವ ಕೈಯ ಜೊತೆಗೆ. ಹಾಗಾಗಿ ಕಲ್ಲು ತಿರುಗಿದರೆ ಅಜ್ಜಿ ಹಾಡಬೇಕು, ಕಲ್ಲು ನಿಂತರೆ ಅಜ್ಜಿಯೂ ನಿಲ್ಲಬೇಕು. ಯಾಕೆ ಅಂತ ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಸರ್ ಕೂಡ.

ಮಾಡುವುದು ಹೇಗೆ? ಆರ್ಡುಯಿನೊ ಊನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಮೆಮೊರಿ ಕಾರ್ಡಿನಿಂದ ಹಾಡು ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಅನ್ನುವ ಚಿಕ್ಕ ಮಾಡ್ಯೂಲು, ಒಂದು ಸ್ಪೀಕರ್, ಒಂದು ರೀಡ್ ಸ್ವಿಚ್, 8 ಸಣ್ಣ ಅಯಸ್ಕಾಂತ. ರೀಡ್ ಸ್ವಿಚ್ ಅಂದರೆ ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿ. ಅಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಗಾಜಿನೊಳಗೆ ಮುಚ್ಚಿಕೊಂಡಿರುವುದರಿಂದ ಹಿಟ್ಟು, ಧೂಳು ಅದನ್ನೇನೂ ಮಾಡುವುದಿಲ್ಲ. ಆದರೆ ಅದರ ತಂತಿ ಕಾಲು ಬಗ್ಗಿಸುವಾಗ ಗಾಜು ಪಟ್ಟನೆ ಒಡೆಯುತ್ತದೆ. ನಾಲ್ಕೈದು ಜಾಸ್ತಿ ತಂದಿಟ್ಟುಕೊಳ್ಳಿ.

ಅಯಸ್ಕಾಂತಗಳನ್ನು ಕಲ್ಲಿಗೆ ಎಂ-ಸೀಲ್ ಹಾಕಿ ಅಂಟಿಸಬೇಡಿ. ಅದು ಅಜ್ಜಿಯ ಕಲ್ಲು, ವಾಪಸ್ ಹೋಗಬೇಕಾದದ್ದು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ, ಅದಕ್ಕೆ ಅಂಟಿಸಿ, ಮೇಲಿನ ಕಲ್ಲಿನ ಸುತ್ತ ಬಿಗಿಯಾಗಿ ಹಾಕಿ. ಸ್ವಿಚ್ಚನ್ನು ಪಕ್ಕದಲ್ಲಿ, ಅಯಸ್ಕಾಂತ ಹಾದುಹೋಗುವ ಎತ್ತರಕ್ಕೆ ನಿಲ್ಲಿಸಿ. ಒಂದೇ ಅಯಸ್ಕಾಂತ ಸಾಲದೇ ಅಂದರೆ, ಸಾಲದು. ಕಲ್ಲು ಪೂರ್ತಿ ಒಂದು ಸುತ್ತು ಬಂದ ಮೇಲೇ ಬೋರ್ಡಿಗೆ ಸುದ್ದಿ ಮುಟ್ಟುತ್ತದೆ. ಅಷ್ಟರಲ್ಲಿ ಕೂತವರು ‘ಕೆಟ್ಟಿದೆ’ ಅಂತ ಎದ್ದಿರುತ್ತಾರೆ. 8 ಇದ್ದರೆ ಕಲ್ಲು ಸ್ವಲ್ಪ ಅಲ್ಲಾಡುವಷ್ಟರಲ್ಲೇ ದನಿ ಶುರುವಾಗುತ್ತದೆ. ಇನ್ನೊಂದು ಮಾತು. ಸ್ವಿಚ್ ಒಂದು ಸಲ ಕೂಡುವಾಗ ಒಳಗೇ ನಾಲ್ಕು ಸಲ ಬಡಿದುಕೊಳ್ಳುತ್ತದೆ. ಒಮ್ಮೆ ಕೂಡಿದ ಮೇಲೆ ಸುಮಾರು 20 ಮಿಲಿಸೆಕೆಂಡ್ ಏನೇ ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಕೋಡಿನಲ್ಲಿ ಬರೆಯಬೇಕು.

ಕೋಡ್ ಅಂದ ಕೂಡಲೇ ಹೆದರಬೇಡಿ. ಈ ಬೋರ್ಡು ಹುಟ್ಟಿದ್ದೇ ನಿಮ್ಮಂಥವರಿಗಾಗಿ. ಇಟಲಿಯ ಇವ್ರಿಯಾ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೊ ಬಾರ್ರಾಗನ್ 2003ರಲ್ಲಿ ತನ್ನ ಪದವಿಯ ಕೆಲಸವಾಗಿ ‘ವೈರಿಂಗ್’ ಅನ್ನುವ ಬೋರ್ಡು ಮತ್ತು ಅದರ ಕೋಡಿಂಗ್ ವ್ಯವಸ್ಥೆ ಶುರು ಮಾಡಿದ. ಎಲೆಕ್ಟ್ರಾನಿಕ್ಸ್ ಓದದ ಕಲಾವಿದರಿಗೂ ಸರ್ಕ್ಯೂಟ್ ಕೈಗೆ ಬರಬೇಕು ಅನ್ನುವುದು ಅದರ ಉದ್ದೇಶ. ಅದೇ ಶಾಲೆಯಲ್ಲಿ 2005ರಲ್ಲಿ ವೈರಿಂಗ್ ಆಧಾರದ ಮೇಲೆ ಆರ್ಡುಯಿನೊ ಬಂತು. ಬಾರ್ರಾಗನ್ ಹೆಸರು ಎಷ್ಟೋ ಕಡೆ ಬಿಟ್ಟೇ ಹೋಗುತ್ತದೆ, ಅದಕ್ಕೇ ಇಲ್ಲಿ ಹೇಳಿದೆ. ನಿಮಗೆ ಬೇಕಾದ ಕೋಡು ಒಂದು ಪುಟ ದಾಟುವುದಿಲ್ಲ. ಇಂಜಿನಿಯರಿಂಗ್ ಓದುವ ಗೆಳೆಯರಿಂದ ಬರೆಸಿಕೊಂಡರೂ ತಪ್ಪಿಲ್ಲ. ಆದರೆ ದನಿ ಎಷ್ಟು ಹೊತ್ತಿಗೆ ಇಳಿಯಬೇಕು, ಎಷ್ಟು ಮೆಲ್ಲಗೆ ಇಳಿಯಬೇಕು ಅನ್ನುವ ಅಂಕಿಗಳನ್ನು ನೀವೇ ಬದಲಿಸುತ್ತಾ, ಕೇಳುತ್ತಾ ಕೂರಬೇಕು. ಅದನ್ನು ಮಾತ್ರ ಇನ್ನೊಬ್ಬರಿಗೆ ಬಿಡಬೇಡಿ. ಬಣ್ಣ ಹದ ಮಾಡುವಾಗ ಬಿಡುತ್ತೀರಾ?

ಜೋರಾಗಿ ತಿರುಗಿಸಿದರೆ ಹಾಡೂ ಜೋರಾಗಿ ಓಡಲಿ ಅಂತ ನಿಮಗೆ ಅನ್ನಿಸಬಹುದು. ಬೇಡ. ಅಜ್ಜಿಯ ದನಿ ಕಾರ್ಟೂನ್ ದನಿಯಾಗುತ್ತದೆ, ಮಕ್ಕಳೆಲ್ಲ ನಗುತ್ತಾ ಅದನ್ನೇ ಮಾಡುತ್ತಾರೆ. ಹಾಡು ತನ್ನ ನಡಿಗೆಯಲ್ಲೇ ಇರಲಿ. ಕಲ್ಲು ನಿಂತರೆ ದನಿ ಮೆಲ್ಲಗೆ ಇಳಿದು ನಿಲ್ಲಲಿ. ಇನ್ನೊಬ್ಬರು ಬಂದು ತಿರುಗಿಸಿದರೆ ನಿಂತಲ್ಲಿಂದಲೇ ಮುಂದುವರಿಯಲಿ. ಪ್ರತಿ ಸಲ ಮೊದಲಿನಿಂದ ಶುರುವಾದರೆ ಎಲ್ಲರೂ ಮೊದಲ ಪದವನ್ನೇ ಕೇಳಿ ಹೋಗುತ್ತಾರೆ, ಹತ್ತನೆಯದು ಯಾರ ಕಿವಿಗೂ ಬೀಳುವುದಿಲ್ಲ. ರಫಾಯೆಲ್ ಲೊಸಾನೊ-ಹೆಮ್ಮರ್ ಅವರ ‘ಪಲ್ಸ್ ರೂಮ್’ (2006) ನೆನಪಾಗುತ್ತದೆ. ಅಲ್ಲಿ ಹಿಡಿ ಹಿಡಿದವರ ಎದೆಬಡಿತಕ್ಕೆ ಒಂದು ಬಲ್ಬು ಮಿನುಗುತ್ತದೆ. ಹಿಡಿ ಬಿಟ್ಟ ಕೂಡಲೇ ಆ ಬಡಿತ ಪಕ್ಕದ ಬಲ್ಬಿಗೆ ಸರಿಯುತ್ತದೆ. ಹಿಂದೆ ಬಂದು ಹೋದವರು ಕೋಣೆಯಲ್ಲೇ ಉಳಿದಿರುತ್ತಾರೆ. ನಿಮ್ಮಲ್ಲಿ ಒಬ್ಬರು ಬಿಟ್ಟ ಪದವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಇದಕ್ಕೆ ಒಂದೊಂದು ಪದವನ್ನೂ ಬೇರೆ ಬೇರೆ ಫೈಲ್ ಮಾಡಿ. ಎಷ್ಟನೇ ಪದ ಅನ್ನುವುದನ್ನು ಬೋರ್ಡಿನ ಇಇಪ್ರಾಮ್ ಅನ್ನುವ ಮೆಮೊರಿಯಲ್ಲಿ ಬರೆಸಿಡಿ. ಕರೆಂಟ್ ಹೋದರೂ ಅದು ಮರೆಯುವುದಿಲ್ಲ, ಬಂದ ಕೂಡಲೇ ಬೋರ್ಡು ತಾನೇ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಪ್ರದರ್ಶನದ ನಡುವೆ ಅಪ್‌ಡೇಟ್ ಅಂತ ಕೂರುವ ಲ್ಯಾಪ್‌ಟಾಪ್ ಇಲ್ಲಿ ಬೇಕಾಗಿಯೇ ಇಲ್ಲ.

ಪರದೆ ಇಲ್ಲದಿದ್ದರೆ ಡಿಜಿಟಲ್ ಹೇಗಾಗುತ್ತದೆ ಅಂತ ಯಾರಾದರೂ ಕೇಳಿದರೆ ಡೇನಿಯಲ್ ರೋಜಿನ್ ಅವರ ‘ವುಡನ್ ಮಿರರ್’ ತೋರಿಸಿ. 1999ರದ್ದು. 830 ಮರದ ತುಂಡು, ಪ್ರತಿಯೊಂದಕ್ಕೂ ಒಂದು ಮೋಟಾರು, ನಡುವೆ ಅಡಗಿದ ಒಂದು ಸಣ್ಣ ಕ್ಯಾಮೆರಾ. ಎದುರು ನಿಂತರೆ ತುಂಡುಗಳು ವಾಲಿ, ಬೆಳಕು ನೆರಳಿನಲ್ಲಿ ನಿಮ್ಮ ರೂಪ ಮೂಡುತ್ತದೆ. ಲೆಕ್ಕವೆಲ್ಲ ಕಂಪ್ಯೂಟರಿನದು, ಕಣ್ಣಿಗೆ ಕಾಣುವುದು ಬರೀ ಮರ.

ಫೋನಿನಲ್ಲಿರುವ ಹಾಡುಗಳನ್ನು ಹಾಗೇ ಹಾಕಬೇಡಿ. ಪದಗಳನ್ನು ಮತ್ತೊಮ್ಮೆ ಹಾಡಿಸಿ, ಆದರೆ ಕುರ್ಚಿ ಮೇಲೆ ಕೂರಿಸಿ ಅಲ್ಲ, ಕಲ್ಲಿನ ಮುಂದೆ. ಬೀಸುತ್ತಾ ಹಾಡುವಾಗ ಉಸಿರು ನಿಲ್ಲುವ ಜಾಗವೇ ಬೇರೆ. ಅಜ್ಜಿಗೆ ಈಗ ಬೀಸಲು ಆಗದಿದ್ದರೆ ನೀವು ಬೀಸಿ, ಅವರು ಗೂಟದ ಮೇಲೆ ಕೈ ಇಟ್ಟರೆ ಸಾಕು. ಮೈಕು ಬಾಯಿಗೆ ಹತ್ತಿರವಿರಲಿ, ಕಲ್ಲಿನ ಸದ್ದು ಪ್ರದರ್ಶನದಲ್ಲಿ ಹೇಗೂ ಬರುತ್ತದೆ. ಯಾರ್ಯಾರೋ ಬಂದು ಕೇಳುತ್ತಾರೆ ಅಂತ ಅವರಿಗೆ ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಯಾವುದಾದರೂ ಪದ ಬೇಡ ಅಂದರೆ ಬಿಡಿ. ಫಲಕದಲ್ಲಿ ಅವರ ಹೆಸರು ನಿಮ್ಮ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿರಲಿ.

‘ಇಲ್ಲಿ ತಿರುಗಿಸಿ’ ಅನ್ನುವ ಬೋರ್ಡು ಹಾಕಬೇಡಿ. ಒಂದು ಚಾಪೆ, ಪಕ್ಕದಲ್ಲಿ ಮೊರ, ಮೊರದಲ್ಲಿ ಜೋಳ, ಅಷ್ಟಿರಲಿ. ಜೋಳ ನಿಜವಾಗಿಯೂ ಬೇಕು. ಬರಿ ಕಲ್ಲು ತಿರುಗಿಸಿದರೆ ಕಲ್ಲನ್ನು ಕಲ್ಲು ತಿನ್ನುತ್ತದೆ, ಸದ್ದೂ ಕರ್ಕಶ. ಮಕ್ಕಳ ಬೆರಳು ಸಿಕ್ಕಿಕೊಳ್ಳದ ಹಾಗೆ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಪ್ರದರ್ಶನಕ್ಕೆ ವಾರ ಮೊದಲೇ ಹಾಸ್ಟೆಲ್‌ನ ವರಾಂಡದಲ್ಲಿಟ್ಟು ಗೊತ್ತಿಲ್ಲದವರು ಏನು ಮಾಡುತ್ತಾರೆ ನೋಡಿ. ನೀವು ದೂರ ನಿಂತು ನೋಡಬೇಕು, ಬಾಯಿ ಬಿಡಬಾರದು.

15 ಸಾವಿರದಲ್ಲಿ ಬಿಡಿಭಾಗಗಳಿಗೆ ಆಗುವ ಖರ್ಚು ಕಡಿಮೆಯೇ. ಒಳ್ಳೆ ಸ್ಪೀಕರಿಗೆ ಸ್ವಲ್ಪ ಜಾಸ್ತಿ ಹಾಕಿ, ಉಳಿದದ್ದನ್ನು ಟೆಂಪೊ ಬಾಡಿಗೆಗೆ ಇಟ್ಟುಕೊಳ್ಳಿ. ಕೋಣೆ ಹಂಚುವ ದಿನ ಎಲ್ಲರಿಗಿಂತ ಮೊದಲು ಹೋಗಿ ನೆಲಮಹಡಿಯನ್ನೇ ಕೇಳಿ. ಎರಡನೇ ಮಹಡಿ ಸಿಕ್ಕರೆ ಕಲ್ಲು ಹೊರುವವರು ಯಾರು?